ಶೌಚಾಲಯ ಬೇಕು, ನಮ್ಮನೆ ಮುಂದೆ ಬೇಡ!

ಆಫೀಸ್‌ನಿಂದ ಹೊರಡೋ ಗಂಟೆ ಮುಂಚೆಯೇ ನಾನು ನೀರು ಕುಡಿಯೋದು ನಿಲ್ಲಿಸ್ತೀನಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಹೋಗೋದೆಲ್ಲಿಗೆ? ಬೆಂಗಳೂರಿನ ಎಷ್ಟೋ ಹೆಣ್ಣುಮಕ್ಕಳ ಲೆಕ್ಕಾಚಾರ ಇದೇ. ನೀರು ಕಡಿಮೆ ಕುಡಿದು, ಮೂತ್ರ ತಡೆದುಕೊಂಡರೆ ಸೋಂಕಿನ ಭಯ ಬೇರೆ.

ಸಾರ್ವಜನಿಕ ಶೌಚಾಲಯ ಬೇಡ ಅನ್ನೋರು ಯಾರೂ ಇಲ್ಲ. ಜಾಗ ಗುರುತಿಸಿದ ಕೂಡಲೇ ತಕರಾರು ಶುರು. ಅಂಗಡಿಯವರಿಗೆ ವಾಸನೆಯ ಚಿಂತೆ, ಮನೆಯವರಿಗೆ ಸೈಟ್ ಬೆಲೆಯ ಚಿಂತೆ. ಹೇಗೋ ಕಟ್ಟಿದರೂ, ರಿಬ್ಬನ್ ಕತ್ತರಿಸೋಕೆ ಸಿಗುವ ಜನ ನೀರು, ಬಲ್ಬು, ಚಿಲಕ ನೋಡಿಕೊಳ್ಳೋಕೆ ಸಿಗಲ್ಲ. ಎಷ್ಟೋ ಕಡೆ ಕತ್ತಲಾದರೆ ಬೀಗ.

ಕೇಳೋದು ಯಾರನ್ನ? ಬಿಬಿಎಂಪಿ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಾಗಲೂ ವಾರ್ಡಿಗೊಬ್ಬ ಚುನಾಯಿತ ಸದಸ್ಯ ಇರಲಿಲ್ಲ. ಅಧಿಕಾರಿಗೆ ದೂರು ಕೊಡಬಹುದು, ಆದರೆ ಮತದ ಹೆದರಿಕೆ ಅವರಿಗಿಲ್ಲವಲ್ಲ!

ಒತ್ತಾಯ ಹೇಗೆ ಮಾಡಬೇಕು ಅನ್ನೋದಕ್ಕೆ ಮುಂಬೈ ನೋಡಿ. 2011ರಲ್ಲಿ ಅಲ್ಲಿನ ಮಹಿಳೆಯರು ‘ರೈಟ್ ಟು ಪೀ’ ಅಭಿಯಾನ ಶುರುಮಾಡಿದರು. ಗಂಡಸರಿಗೆ ಮೂತ್ರಾಲಯ ಉಚಿತ, ನಮಗ್ಯಾಕೆ ದುಡ್ಡು ಅಂತ ಪಾಲಿಕೆಯನ್ನೇ ಕೇಳಿದರು.

ಮತ ಕೇಳೋಕೆ ಬರೋ ಅಭ್ಯರ್ಥಿಗೆ ನನ್ನ ಪ್ರಶ್ನೆ ಮೂರೇ: ಶೌಚಾಲಯ ಎಲ್ಲಿ ಕಟ್ತೀರಿ? ರಾತ್ರಿ ಎಷ್ಟು ಗಂಟೆವರೆಗೆ ತೆಗೆದಿರುತ್ತೆ? ತೊಳೆಯೋರಿಗೆ ಸಂಬಳ ಯಾರು ಕೊಡ್ತಾರೆ? ನೀವೂ ಕೇಳಿ. “ನಿಮ್ಮ ಬೀದಿ ಕೊನೆಯಲ್ಲೇ ಕಟ್ತೀವಿ” ಅಂದರೆ ಮಾತ್ರ ಬೇಡ ಅನ್ನಬೇಡಿ.