ಕೈ ನಡುಗುವ ಮೊದಲೇ ಪಾರ್ಕಿನ್ಸನ್ ಸುಳಿವು

ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ನೆನಪಾಗುವುದು ನಡುಗುವ ಕೈ, ಬಿಗಿದ ಮೈ, ನಿಧಾನಗೊಂಡ ನಡಿಗೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು 'ನಡುಗುವ ಪಾರ್ಶ್ವವಾಯು' ಎಂದೇ ಬಣ್ಣಿಸಿದ್ದರು. ಆದರೆ ನಡುಕವು ಕಾಯಿಲೆಯ ಆರಂಭವಲ್ಲ. ಅನೇಕರಲ್ಲಿ ಅದಕ್ಕೂ ಹಲವು ವರ್ಷ ಮೊದಲೇ ಮೂಗು, ಕರುಳು ಮತ್ತು ನಿದ್ರೆ ಸುಳಿವು ನೀಡಿರುತ್ತವೆ.

ಕಾರಣವೇನು?

ಚಲನೆ ಸರಾಗವಾಗಿರಲು ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬೇಕು. ಅದನ್ನು ಉತ್ಪಾದಿಸುವ ನರಕೋಶಗಳು ಗಣನೀಯ ಪ್ರಮಾಣದಲ್ಲಿ ನಾಶವಾದ ನಂತರವೇ ನಡುಕ ತಲೆದೋರುತ್ತದೆ. ಆದರೆ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಗಂಟುಕಟ್ಟುವುದು ಇದಕ್ಕೂ ಮುನ್ನ, ವಾಸನೆ ಗ್ರಹಿಸುವ ಭಾಗದಲ್ಲಿ ಹಾಗೂ ಕರುಳನ್ನು ನಿಯಂತ್ರಿಸುವ ವೇಗಸ್ ನರದ ಮೂಲದಲ್ಲಿ ಎಂದು ಜರ್ಮನಿಯ ಹೈಕೊ ಬ್ರಾಕ್ ಮತ್ತು ಸಂಗಡಿಗರು 2003ರಲ್ಲಿ ಪ್ರತಿಪಾದಿಸಿದರು. ಎಲ್ಲ ರೋಗಿಗಳಲ್ಲೂ ಇದೇ ಕ್ರಮ ಕಂಡುಬರುವುದಿಲ್ಲ.

ಗಮನಿಸಬೇಕಾದ ಲಕ್ಷಣಗಳು

* ವಾಸನೆ: ನೆಗಡಿಯಿಲ್ಲದಿದ್ದರೂ ಕಾಫಿ, ಒಗ್ಗರಣೆ, ಮಲ್ಲಿಗೆಯ ಪರಿಮಳ ತಿಳಿಯದಾಗುವುದು. ಇದು ನಿಧಾನವಾಗಿ ಕುಂದುವುದರಿಂದ ಎಷ್ಟೋ ಮಂದಿಗೆ ಅರಿವಿಗೇ ಬರುವುದಿಲ್ಲ.

* ಮಲಬದ್ಧತೆ: ಆಹಾರಕ್ರಮ ಬದಲಾಗದಿದ್ದರೂ ಹೊಸದಾಗಿ ಕಾಣಿಸಿಕೊಂಡು ದೀರ್ಘಕಾಲ ಉಳಿಯುವುದು.

* ನಿದ್ರೆ: ಕನಸು ಕಾಣುವಾಗ ಸ್ನಾಯುಗಳು ಸಹಜವಾಗಿ ನಿಶ್ಚಲವಾಗಿರುತ್ತವೆ. ಈ ತಡೆ ಸಡಿಲಗೊಂಡಾಗ ವ್ಯಕ್ತಿ ಕನಸಿಗೆ ತಕ್ಕಂತೆ ಕಿರುಚುತ್ತಾನೆ, ಗುದ್ದುತ್ತಾನೆ, ಒದೆಯುತ್ತಾನೆ. ಇದು ಅತ್ಯಂತ ಪ್ರಬಲ ಸುಳಿವು. ನಿದ್ರಾ ಪರೀಕ್ಷೆಯಿಂದ ಈ ತೊಂದರೆ ದೃಢಪಟ್ಟಿದ್ದ 1,280 ಮಂದಿಯ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಇಂಥವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಗೆ 12 ವರ್ಷಗಳೊಳಗೆ ಪಾರ್ಕಿನ್ಸನ್ ಅಥವಾ ಅದಕ್ಕೆ ಹತ್ತಿರದ ಮಿದುಳಿನ ಕಾಯಿಲೆ ಬರಬಹುದೆಂದು ಅದು ಅಂದಾಜಿಸಿತು.

* ಮನಸ್ಸು, ರಕ್ತದೊತ್ತಡ: ಕಾರಣವಿಲ್ಲದ ಖಿನ್ನತೆ, ಆತಂಕ; ಎದ್ದು ನಿಂತೊಡನೆ ತಲೆಸುತ್ತು.

ಭಯವೂ ಬೇಡ, ಉಪೇಕ್ಷೆಯೂ ಬೇಡ

ಮಲಬದ್ಧತೆ, ಖಿನ್ನತೆ ಇರುವ ಬಹುತೇಕರಿಗೆ ಪಾರ್ಕಿನ್ಸನ್ ಬರುವುದಿಲ್ಲ. ವಯಸ್ಸು, ಧೂಮಪಾನ, ಕೋವಿಡ್‌ನಿಂದಲೂ ವಾಸನಾಶಕ್ತಿ ಕುಂದಬಹುದು. ಒಂದೇ ಲಕ್ಷಣದಿಂದ ನಿರ್ಧಾರಕ್ಕೆ ಬರುವುದು ಸಲ್ಲದು. ಎರಡು-ಮೂರು ಒಟ್ಟಿಗಿದ್ದರೆ, ವಿಶೇಷವಾಗಿ ನಿದ್ರೆಯಲ್ಲಿ ಕೈಕಾಲು ಬೀಸುವ ತೊಂದರೆಯಿದ್ದರೆ, ನರರೋಗ ತಜ್ಞರನ್ನು ಕಾಣುವುದು ಒಳಿತು.

ಮೂಗಿಗೊಬ್ಬ ವೈದ್ಯರು, ಹೊಟ್ಟೆಗೊಬ್ಬರು, ಮನಸ್ಸಿಗೊಬ್ಬರು ಎಂದು ಅಲೆಯುವಾಗ ಈ ಸುಳಿವುಗಳು ಒಂದೆಡೆ ಸೇರುವುದೇ ಇಲ್ಲ. ಆದ್ದರಿಂದ ಎಲ್ಲ ತೊಂದರೆಗಳನ್ನೂ ಒಬ್ಬರೇ ವೈದ್ಯರ ಮುಂದೆ ಹೇಳಬೇಕು. ರಾತ್ರಿಯ ಒದ್ದಾಟ ಸ್ವತಃ ರೋಗಿಗೆ ತಿಳಿಯದಿರಬಹುದಾದ್ದರಿಂದ ಪತ್ನಿ ಅಥವಾ ಪತಿಯೂ ಜೊತೆಗಿರಬೇಕು.

ಕಾಯಿಲೆಯನ್ನು ತಡೆಯುತ್ತದೆಂದು ಸಾಬೀತಾದ ಔಷಧ ಇನ್ನೂ ಇಲ್ಲ. ಆದರೂ ಖಿನ್ನತೆ, ಮಲಬದ್ಧತೆಗಳಿಗೆ ಚಿಕಿತ್ಸೆಯಿದೆ. ಮಲಗುವ ಕೋಣೆಯಲ್ಲಿ ಗಾಯವಾಗದಂತೆ ಎಚ್ಚರ ವಹಿಸಬಹುದು. ಚಲನೆಯ ತೊಂದರೆ ಆರಂಭವಾದರೆ ತಡವಿಲ್ಲದೆ ಗುರುತಿಸಿ ಚಿಕಿತ್ಸೆ ನೀಡಲೂ ಸಾಧ್ಯ.