ಬ್ಯಾಟರಿ ಯಾರ ಕೈಲಿತ್ತು?

‘ನಿಮ್ಮ ಜೀವನದಲ್ಲಿ ಎದುರಿಸಿದ ಒಂದು ಕಷ್ಟದ ಸಂದರ್ಭ ಹೇಳಿ.’ ಪ್ಲೇಸ್‌ಮೆಂಟ್ ಟ್ರೈನಿಂಗಿಗೆ ಕೂತವರಿಗೆಲ್ಲ ಈ ಪ್ರಶ್ನೆ ಗೊತ್ತು. ಅಣಕು ಸಂದರ್ಶನದಲ್ಲಿ ನನ್ನ ಸರದಿ ಬಂದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಕಥೆ ರೆಡಿ ಇತ್ತು. ಕತ್ತಲು, ಮಳೆ, ಬೆಟ್ಟ, ದಾರಿ ತಪ್ಪಿದ ಐದು ಹುಡುಗರು. ‘ಇನ್ನು ಒಂದು ಹೆಜ್ಜೆಯೂ ಮುಂದಿಡುವುದು ಬೇಡ, ಬೆಳಗಾಗುವವರೆಗೆ ಇಲ್ಲೇ ಕೂರೋಣ ಅಂತ ನಾನು ತೀರ್ಮಾನ ಮಾಡಿದೆ ಸರ್’ ಎಂದೆ. ಹಾಲ್‌ನಲ್ಲಿ ಚಪ್ಪಾಳೆ ಬಿತ್ತು. ಎರಡನೇ ಸಾಲಿನಲ್ಲಿ ಕೂತಿದ್ದ ಒಬ್ಬ ಮಾತ್ರ ಪೆನ್ನಿನ ಕ್ಯಾಪ್ ತೆಗೆಯುತ್ತ, ಹಾಕುತ್ತ ಇದ್ದ. ಆ ತೀರ್ಮಾನ ಅವನದಾಗಿತ್ತು.

ಅವನನ್ನು ನಾವು ಕರೆಯುವುದು ‘ಹಾವೇರಿ’ ಅಂತ. ನಮ್ಮ ಹಾಸ್ಟೆಲ್‌ನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ಉಳಿದಿಲ್ಲ, ಊರೇ ಹೆಸರು. ನಾನು ‘ತಿಪಟೂರು’. ಒಂದೂವರೆ ವರ್ಷ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು.

ಕಳೆದ ವರ್ಷ ಆಗಸ್ಟ್‌ನಲ್ಲಿ ನಾವು ಐದು ಜನ ಮೂರು ಬೈಕಿನಲ್ಲಿ ಚಿಕ್ಕಮಗಳೂರು ಕಡೆಯ ಒಂದು ಬೆಟ್ಟಕ್ಕೆ ಹೋದೆವು. ಬೆಟ್ಟದ ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ಭಾನುವಾರ ನೀವೂ ಹೊರಡುತ್ತೀರಿ. ಮನೆಯಲ್ಲಿ ಹೇಳಿದ್ದು ‘ಪ್ರಾಜೆಕ್ಟ್ ಕೆಲಸ’ ಅಂತ. ಅರಣ್ಯ ಇಲಾಖೆಯ ಅನುಮತಿ ಬೇಕು ಎಂಬುದು ತಿಳಿದದ್ದು ಇಳಿದ ಮೇಲೆ. ಹತ್ತಲು ಶುರು ಮಾಡಿದಾಗ ಮಧ್ಯಾಹ್ನ ಎರಡು ಗಂಟೆ. ದಾರಿಯಲ್ಲಿ ಪ್ರತಿ ಬಂಡೆಯ ಮೇಲೆ ನಿಂತು ವಿಡಿಯೊ.

ನಾಲ್ಕು ಗಂಟೆಗೆ ಹಾವೇರಿ ನಿಂತ. ‘ಲೇ, ಮಂಜು ಇಳಿಯಾಕ ಹತ್ತೈತಿ. ವಾಪಸ್ ಹೋಗೂಣು.’

ನಾವು ನಕ್ಕೆವು. ಅವನ ಬ್ಯಾಗನ್ನು ಬೆಳಗ್ಗೆಯಿಂದಲೇ ಗೇಲಿ ಮಾಡುತ್ತಿದ್ದೆವು. ನಮ್ಮ ಬ್ಯಾಗಿನಲ್ಲಿ ಚಿಪ್ಸ್ ಮತ್ತು ಪವರ್ ಬ್ಯಾಂಕ್. ಅವನದರಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಟಾರ್ಪಾಲು ತುಂಡು ಮತ್ತು ದಪ್ಪ ಸೆಲ್ ಹಾಕುವ ಹಳೇ ಬ್ಯಾಟರಿ. ‘ಅಮ್ಮನ ಮಗ’ ಎಂದು ನಾನೇ ಕರೆದೆ. ‘ಭಯ ಆದ್ರೆ ನೀನು ಇಳಿ ಮಗಾ, ನಾವು ಹೋಗಿ ಬರ್ತೀವಿ’ ಎಂದವನೂ ನಾನೇ. ಅವನು ಇಳಿಯಲಿಲ್ಲ. ನಮ್ಮ ಹಿಂದೆಯೇ ಬಂದ.

ಮುಂದಿನದು ನಿಮಗೆ ಊಹಿಸಲು ಕಷ್ಟವಲ್ಲ. ಆರೂವರೆ ಹೊತ್ತಿಗೆ ದಾರಿ ಎಂಬುದು ಇರಲಿಲ್ಲ. ಮಂಜಿನೊಳಗೆ ಮೊಬೈಲ್ ಟಾರ್ಚ್ ಹಾಕಿದರೆ ಬಿಳಿ ಗೋಡೆ ಕಾಣುತ್ತದೆ, ಅಷ್ಟೆ. ನೆಟ್‌ವರ್ಕ್ ಇಲ್ಲ. ಎಡಕ್ಕೆ ಇಳಿದರೆ ಬೈಕ್ ನಿಲ್ಲಿಸಿದ ಜಾಗ ಸಿಕ್ಕೇ ಸಿಗುತ್ತದೆ ಎಂದು ನಾನು ಹಟ ಹಿಡಿದೆ. ಹಾವೇರಿ ನನ್ನ ಬ್ಯಾಗಿನ ಪಟ್ಟಿ ಹಿಡಿದು ಎಳೆದ. ‘ಕಾಲಿನ ಕೆಳಗ ಏನೈತಿ ಗೊತ್ತಿಲ್ದಾಗ ಕಾಲ ಎತ್ತಬಾರದು. ಇಲ್ಲೇ ಕೂಡ್ರೂಣು.’ ಒಂದು ಬಂಡೆಯ ಮಗ್ಗುಲಲ್ಲಿ ಟಾರ್ಪಾಲು ಹೊದ್ದು ಐವರೂ ಒಬ್ಬರಿಗೊಬ್ಬರು ಅಂಟಿಕೊಂಡು ಕೂತೆವು. ರೊಟ್ಟಿಯನ್ನು ಅವನೇ ಲೆಕ್ಕ ಹಾಕಿ ಹಂಚಿದ. ಅವರ ಊರಲ್ಲಿ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಬರುವುದು ಹೆಚ್ಚಾಗಿ ರಾತ್ರಿ. ಹೈಸ್ಕೂಲಿನಿಂದಲೂ ಅವನು ಹಾವು ಚೇಳು ಓಡಾಡುವ ಬದುವಿನ ಮೇಲೆ ಆ ಬ್ಯಾಟರಿ ಹಿಡಿದು ಮೋಟಾರ್ ಹಾಕಲು ಹೋಗಿ ಬಂದವನು. ನಮ್ಮೆಲ್ಲರಲ್ಲಿ ಕತ್ತಲೆ ಎಂದರೇನು ಎಂದು ಗೊತ್ತಿದ್ದವನು ಅವನೊಬ್ಬನೇ. ಅದಕ್ಕೇ ಅವನಿಗೆ ಭಯವಿತ್ತು.

ಬೆಳಗ್ಗೆ ಮಂಜು ಸರಿದಾಗ ನೋಡಿದೆವು. ನಾನು ಇಳಿಯುತ್ತೇನೆ ಎಂದು ಹಟ ಹಿಡಿದ ಕಡೆ, ನಾವು ಕೂತಿದ್ದ ಜಾಗದಿಂದ ಸುಮಾರು ಹತ್ತು ಹೆಜ್ಜೆಗೆ, ನೆಲ ಮುಗಿದಿತ್ತು.

ಆ ರಾತ್ರಿ ನನಗೆ ‘ಸಾಹಸ’ ಎಂಬ ಪದ ಒಮ್ಮೆಯೂ ನೆನಪಾಗಿರಲಿಲ್ಲ. ನೆನಪಾದದ್ದು ಅಮ್ಮ, ಒದ್ದೆ ಸಾಕ್ಸು ಮತ್ತು ಮೆಸ್ಸಿನ ಬಿಸಿ ಸಾರು. ಸಾಹಸ ಹುಟ್ಟಿದ್ದು ಮರುದಿನ, ಹಾಸ್ಟೆಲ್‌ನ ಕಾರಿಡಾರಿನಲ್ಲಿ, ಸುತ್ತ ಇಪ್ಪತ್ತು ಜನ ನಿಂತಾಗ. ನಮ್ಮಂಥವರಿಗೆ ಇದರ ಹಸಿವು ಎಷ್ಟೆಂದು ನಿಮಗೂ ಗೊತ್ತು. ಎಲ್‌ಕೆಜಿಯಿಂದ ಸಿಇಟಿವರೆಗೆ, ಸಿಇಟಿಯಿಂದ ಇಂಟರ್ನಲ್ಸ್‌ವರೆಗೆ ನಮ್ಮ ಬದುಕಿಗೆ ಸಿಲಬಸ್ ಇದೆ, ಹಳೇ ಪ್ರಶ್ನೆಪತ್ರಿಕೆಗಳಿವೆ. ಮುಂದೇನಾಗುತ್ತದೋ ಗೊತ್ತಿಲ್ಲದ ಒಂದೇ ಒಂದು ರಾತ್ರಿ ಸಿಕ್ಕರೂ ಅದನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತೇವೆ.

ಹೇಳುತ್ತ ಹೇಳುತ್ತ ಕಥೆ ತನಗೆ ಬೇಕಾದ್ದನ್ನು ತಾನೇ ತರಿಸಿಕೊಂಡಿತು. ಮೊದಲು ಮಳೆ ಜೋರಾಯಿತು. ಆಮೇಲೆ ಆನೆಯ ಲದ್ದಿ ಸೇರಿಕೊಂಡಿತು (ಇರಲಿಲ್ಲ). ಕಥೆಗೆ ಒಬ್ಬ ಧೈರ್ಯವಂತ ಬೇಕಿತ್ತು, ಹೇಳುತ್ತಿದ್ದವನು ನಾನು. ನಗಿಸಲು ಒಬ್ಬ ಪುಕ್ಕಲನೂ ಬೇಕಿತ್ತು. ‘ವಾಪಸ್ ಹೋಗೂಣು’ ಎಂದವನು ಇದ್ದನಲ್ಲ. ಅವನ ದನಿಯನ್ನು ಅನುಕರಿಸಿ ಹೇಳಿದರೆ ಕಾರಿಡಾರ್ ಬಿದ್ದು ಬಿದ್ದು ನಗುತ್ತಿತ್ತು. ಮೊದಮೊದಲು ಹಾವೇರಿಯೂ ನಗುತ್ತಿದ್ದ.

ಅಣಕು ಸಂದರ್ಶನವಾದ ವಾರದಲ್ಲೇ ಅವನು ರೂಮ್ ಬದಲಿಸಿದ. ಕಾರಣ ಕೇಳಿದರೆ, ‘ಅಲ್ಲಿ ಗಾಳಿ ಚೊಲೋ ಬರ್ತೈತಿ’ ಎಂದ.

ಅದೇ ಟ್ರೈನಿಂಗಿನಲ್ಲಿ ನಮಗೆ ಅರ್ನೆಸ್ಟ್ ಶ್ಯಾಕಲ್ಟನ್ ಬಗ್ಗೆ ಹೇಳಿದ್ದರು. ನಾಯಕತ್ವದ ತರಗತಿಗಳಲ್ಲಿ ಆತನ ಹೆಸರು ಬಾರದೆ ಇರುವುದಿಲ್ಲ. ಅಂಟಾರ್ಕ್ಟಿಕಾವನ್ನು ನಡೆದು ದಾಟಲು 1914ರಲ್ಲಿ ಹೊರಟಾತ. ಅವನ ಹಡಗು ‘ಎಂಡ್ಯೂರೆನ್ಸ್’ ಮಂಜುಗಡ್ಡೆಯಲ್ಲಿ ಸಿಕ್ಕಿ ನಜ್ಜುಗುಜ್ಜಾಗಿ 1915ರ ನವೆಂಬರ್‌ನಲ್ಲಿ ಮುಳುಗಿತು. ಆದರೂ ಆ ಹಡಗಿನ 28 ಜನರೂ ಜೀವಂತ ಮರಳಿದರು. 2022ರಲ್ಲಿ ಸುಮಾರು 3,000 ಮೀಟರ್ ಆಳದಲ್ಲಿ ಆ ಹಡಗು ಪತ್ತೆಯಾಯಿತು. ಆ ವಿಡಿಯೊ ನೋಡಿ, ಹಡಗಿನ ಮರಗೆಲಸ ಅಷ್ಟು ಚೆನ್ನಾಗಿ ಉಳಿದಿದ್ದು ಹೇಗೆ ಎಂದು ಹುಡುಕುತ್ತ ಹೋದವನಿಗೆ ಬಡಗಿಯೊಬ್ಬ ಸಿಕ್ಕ. ನಾನು ಮೆಕ್ಯಾನಿಕಲ್ ವಿದ್ಯಾರ್ಥಿ. ನಾಯಕರಿಗಿಂತ ಬಡಗಿಗಳ ಕಡೆಗೆ ಕಣ್ಣು ಹೋಗುವುದು ಸಹಜ.

ಹ್ಯಾರಿ ಮೆಕ್‌ನಿಶ್ ಸಿಡುಕಿನ ಮನುಷ್ಯ. ಅವನು ಸಾಕಿದ್ದ ಬೆಕ್ಕನ್ನು, ಇನ್ನು ಸಾಕಲಾಗದು ಎಂದು ಶ್ಯಾಕಲ್ಟನ್ ಕೊಲ್ಲಿಸಿದ್ದ. ಹಡಗು ಹೋದ ಮೇಲೆ ಭಾರದ ದೋಣಿಗಳನ್ನು ಮಂಜಿನ ಮೇಲೆ ಎಳೆದು ನಡೆಯಬೇಕೆಂದು ಆಜ್ಞೆಯಾದಾಗ ಮೆಕ್‌ನಿಶ್ ಎದುರು ನಿಂತ. ಹಡಗೇ ಇಲ್ಲ ಎಂದ ಮೇಲೆ ಹಡಗಿನ ಕರಾರು ಎಲ್ಲಿಯದು ಎಂಬುದು ಅವನ ವಾದ. ಅವನನ್ನು ಗದರಿಸಿ ಸುಮ್ಮನಾಗಿಸಿದರು. ಕೆಲವೇ ದಿನಗಳಲ್ಲಿ ಆ ನಡಿಗೆಯನ್ನು ಕೈಬಿಡಬೇಕಾಯಿತು.

ಮುಂದೆ 1916ರ ಏಪ್ರಿಲ್‌ನಲ್ಲಿ, ಸಹಾಯ ತರಲು ಏಳು ಮೀಟರ್ ಉದ್ದದ ದೋಣಿಯಲ್ಲಿ ಸಾವಿರ ಕಿ.ಮೀ.ಗೂ ಮೀರಿದ ಕಡಲನ್ನು ದಾಟಬೇಕಾಗಿ ಬಂತು. ತೆರೆದ ದೋಣಿ ಆ ಅಲೆಗಳಿಗೆ ತಡೆಯುವುದಿಲ್ಲ. ಆಗ ಮೆಕ್‌ನಿಶ್ ಪೆಟ್ಟಿಗೆಯ ಮುಚ್ಚಳ, ಜಾರುಬಂಡಿಯ ಮರ, ಕ್ಯಾನ್ವಾಸ್ ಬಟ್ಟೆ ಕೂಡಿಸಿ ದೋಣಿಗೆ ಮೇಲ್ಮುಚ್ಚಿಗೆ ಕಟ್ಟಿದ. ಸಂದುಗಳಿಗೆ ಸೀಲ್‌ನ ರಕ್ತ ಮತ್ತು ಪೇಂಟ್ ಮೆತ್ತಿದ. ಅದರಲ್ಲಿ ಹೋದ ಆರು ಜನರಲ್ಲಿ ಅವನೂ ಒಬ್ಬ. ದಡ ಸೇರಿದ ಮೇಲೆ ಹಿಮದ ಬೆಟ್ಟ ದಾಟಬೇಕಿದ್ದ ಶ್ಯಾಕಲ್ಟನ್ ತಂಡದ ಬೂಟುಗಳಿಗೆ ಹಿಡಿತ ಸಿಗಲೆಂದು ದೋಣಿಯ ಸ್ಕ್ರೂ ಬಿಚ್ಚಿ ಹಾಕಿಕೊಟ್ಟವನೂ ಅವನೇ.

ಊರಿಗೆ ಮರಳಿದ ಮೇಲೆ ತಂಡದವರಿಗೆ ಪೋಲಾರ್ ಪದಕ ಬಂತು. ನಾಲ್ವರ ಹೆಸರನ್ನು ಶ್ಯಾಕಲ್ಟನ್ ಶಿಫಾರಸು ಮಾಡಲಿಲ್ಲ. ಅವರಲ್ಲಿ ಮೆಕ್‌ನಿಶ್ ಒಬ್ಬ. ಅವನು 1930ರಲ್ಲಿ ನ್ಯೂಜಿಲೆಂಡ್‌ನಲ್ಲಿ ತೀರಿಕೊಂಡ. 2004ರಲ್ಲಿ ಯಾರೋ ಪುಣ್ಯಾತ್ಮರು ಅವನ ಸಮಾಧಿಯ ಮೇಲೆ ಕಂಚಿನ ಬೆಕ್ಕನ್ನು ಕೂರಿಸಿದ್ದಾರೆ.

ಶ್ಯಾಕಲ್ಟನ್ ದೊಡ್ಡವನಲ್ಲ ಎಂದು ನಾನು ಹೇಳುತ್ತಿಲ್ಲ. 28 ಜನರನ್ನು ಬದುಕಿಸಿ ತಂದವನ ಬಗ್ಗೆ ನನ್ನಂಥವನು ತೀರ್ಪು ಕೊಡುವುದು ಅಧಿಕಪ್ರಸಂಗ. ಆದರೆ ಅವನಿಗೆ ನಾಯಕತ್ವವಾದರೂ ಇತ್ತು. ನನಗಿದ್ದದ್ದು ಬಾಯಿ ಮಾತ್ರ.

ಆಗ ತೇಜಸ್ವಿಯವರ ‘ಕರ್ವಾಲೊ’ ನೆನಪಾಯಿತು. ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ಹೋಗುವ ಕಥೆ ಅದು. ನಮ್ಮಲ್ಲಿ ಟ್ರೆಕ್ಕಿಂಗ್ ಹುಚ್ಚು ಹಿಡಿದವರೆಲ್ಲ ಓದಿಯೇ ಇರುತ್ತಾರೆ. ಪಿಯುಸಿಯಲ್ಲಿ ಓದಿದಾಗ ನನಗೆ ಕಂಡದ್ದು ಕಾಡು ಮಾತ್ರ. ಈಗ ಕಂಡವನು ಮಂದಣ್ಣ. ಕಥೆ ಹೇಳುವವನಿಗೆ ಮೊದಮೊದಲು ಮಂದಣ್ಣ ಕೆಲಸಕ್ಕೆ ಬಾರದ ಹುಡುಗ. ಆದರೆ ವಿಜ್ಞಾನಿ ಕರ್ವಾಲೊಗೆ ಗೊತ್ತು, ತಾನು ಹುಡುಕುತ್ತಿರುವುದನ್ನು ಕಣ್ಣಾರೆ ಕಂಡವನು ಅವನೇ ಎಂದು. ಕೊನೆಗೆ ಓತಿ ಕೈಗೆ ಸಿಗುವುದಿಲ್ಲ, ಪ್ರಪಾತದ ಮೇಲೆ ತೇಲಿ ಹೋಗುತ್ತದೆ. ಬರಿಗೈಲಿ ಮುಗಿಯುವ ಆ ಕಥೆ ನಮ್ಮನ್ನು ಇಷ್ಟು ವರ್ಷ ಹಿಡಿದಿಟ್ಟಿರುವುದಕ್ಕೆ ಮಂದಣ್ಣನಿಗೆ ಅದರಲ್ಲಿ ಸಿಕ್ಕಿದ ಜಾಗವೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಕಳೆದ ತಿಂಗಳು ಟ್ರಂಕ್ ಖಾಲಿ ಮಾಡುವಾಗ ತಳದಲ್ಲಿ ಹಾವೇರಿಯ ಬ್ಯಾಟರಿ ಸಿಕ್ಕಿತು. ಇಳಿಯುವ ದಿನ ನನ್ನ ಬ್ಯಾಗ್ ಸೇರಿದ್ದು ವಾಪಸ್ ಕೊಟ್ಟೇ ಇರಲಿಲ್ಲ. ತೆಗೆದುಕೊಂಡು ಅವನ ರೂಮಿಗೆ ಹೋದೆ. ಸಾರಿ ಹೇಳುವುದಕ್ಕೆ ಮನಸ್ಸಿನಲ್ಲೇ ದೊಡ್ಡ ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಬಾಗಿಲಲ್ಲಿ ನಿಂತಾಗ ಬಂದದ್ದು, ‘ಆವತ್ತು ಕೂರೋಣ ಅಂದಿದ್ದು ನೀನು. ನಾಳೆ ಟ್ರೈನಿಂಗಲ್ಲಿ ಎಲ್ಲರ ಮುಂದೆ ಹೇಳ್ತೀನಿ’ ಎಂಬಷ್ಟೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಆ ರಾತ್ರಿಯ ಬಗ್ಗೆ ಮೊದಲ ಸಲ ಅವನಾಗಿ ಹೇಳಿದ. ‘ನೀವೆಲ್ಲ ಮಲಗಿದ್ರಿ. ನಾ ಮಲಗಲಿಲ್ಲ. ಗಳಿಗಿಗೊಮ್ಮೆ ಬ್ಯಾಟರಿ ಹಾಕಿ ತಲಿ ಎಣಸ್ತಿದ್ದೆ, ಐದೂ ಅದಾವಿಲ್ಲೋ ಅಂತ. ಒಂದ್ಸಲ ನಾಕ ಬಂತು ನೋಡು, ಜೀವ ಬಾಯಿಗೆ ಬಂತು. ನನ್ನ ತಲಿ ಎಣಸೋದ ಮರತಿದ್ದೆ.’

ಇಬ್ಬರೂ ನಕ್ಕೆವು. ಮರುದಿನ ಟ್ರೈನಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಟ್ರೈನರ್‌ಗೆ ಹಳೇ ಕಥೆಯೇ ಹೆಚ್ಚು ಇಷ್ಟವಾಗಿತ್ತೆಂದು ಕಾಣುತ್ತದೆ, ‘ಸರಿ, ಕೂತ್ಕೊಳ್ಳಿ’ ಎಂದರು.

ಆ ಸಂಜೆ ಬಾಗಿಲಲ್ಲಿ ಹಾವೇರಿ ಬ್ಯಾಟರಿಯ ಗುಂಡಿ ಒತ್ತಿದ್ದ. ಹತ್ತಲಿಲ್ಲ. ಹಿಂದಿನ ಮುಚ್ಚಳ ತಿರುಗಿಸಿ ನೋಡಿದರೆ ಸೆಲ್‌ಗಳು ಸೋರಿ ಒಳಗೆಲ್ಲ ಬಿಳಿ ಪುಡಿ.

‘ಸೆಲ್ ತಗದಿಡಬೇಕಲೇ,’ ಎಂದ. ‘ಎಂಜಿನಿಯರ್ ಅಂತ ಎಂಜಿನಿಯರ್.’