ಶಸ್ತ್ರಕ್ರಿಯೆಗೆ ಮುನ್ನ ನಿರಾಹಾರವೇಕೆ?

ಬೆಳಿಗ್ಗೆ ಎಂಟಕ್ಕೆ ಶಸ್ತ್ರಕ್ರಿಯೆ. ರೋಗಿಗೆ ಏನನ್ನೂ ಕೊಡಕೂಡದೆಂದು ದಾದಿ ಹೇಳಿಹೋಗಿದ್ದರೂ ಊರಿನಿಂದ ಬಂದ ತಂಗಿಗೆ ಮನಸ್ಸು ತಡೆಯದು. “ಬರಿಹೊಟ್ಟೆಯಲ್ಲಿ ಹೇಗಿರ್ತೀಯಕ್ಕಾ, ಅರ್ಧ ಲೋಟ ಕಾಫಿಯಾದರೂ ಕುಡಿ” ಎಂದು ಫ್ಲಾಸ್ಕಿನ ಮುಚ್ಚಳ ತೆರೆಯುತ್ತಾಳೆ. ಅಕ್ಕರೆಯ ಈ ಅರ್ಧ ಲೋಟವೇ ಅಪಾಯಕ್ಕೆ ದಾರಿಯಾದೀತು.

ಎಚ್ಚರವಿರುವಾಗ ನುಂಗಿದ್ದು ಶ್ವಾಸನಾಳದತ್ತ ಸರಿದರೆ ಒಡನೆಯೇ ಕೆಮ್ಮು ಬಂದು ಅದನ್ನು ಹೊರದೂಡುತ್ತದೆ. ನೆತ್ತಿಗೆ ಹತ್ತಿತೆನ್ನುವುದು ಇದಕ್ಕೇ. ಪೂರ್ಣ ಅರಿವಳಿಕೆಯಲ್ಲಿ ಈ ಕಾವಲೂ ನಿದ್ರಿಸುತ್ತದೆ. ಅನ್ನನಾಳದ ಬುಡದ ಬಿಗಿ ಸಡಿಲಗೊಂಡು, ಜಠರದಲ್ಲಿದ್ದುದು ಗಂಟಲಿಗೆ ಮರಳಿ ಶ್ವಾಸಕೋಶಕ್ಕೆ ಇಳಿಯಬಹುದು. ಗಟ್ಟಿ ಆಹಾರವಾದರೆ ಉಸಿರು ಕಟ್ಟುತ್ತದೆ. ಆಮ್ಲಯುಕ್ತ ಜಠರರಸವಾದರೆ ಶ್ವಾಸಕೋಶವನ್ನೇ ಸುಡುತ್ತದೆ. ನ್ಯೂಯಾರ್ಕಿನ ಪ್ರಸೂತಿತಜ್ಞ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ಈ ಎರಡು ಬಗೆಯ ಹಾನಿಯನ್ನೂ ವಿವರಿಸಿದರು. ಅವರು ಪರಿಶೀಲಿಸಿದ 44,016 ಗರ್ಭಿಣಿಯರಲ್ಲಿ 66 ಮಂದಿಗೆ ಹೀಗಾಗಿತ್ತು. ಗಟ್ಟಿ ಆಹಾರದಿಂದ ಉಸಿರುಕಟ್ಟಿ ಇಬ್ಬರು ಮೃತರಾಗಿದ್ದರು.

ನಡುರಾತ್ರಿಯಿಂದ ಹನಿ ನೀರೂ ಬೇಡವೆಂಬ ಹಳೆಯ ಕಟ್ಟಳೆ ಇಂದು ಸಡಿಲವಾಗಿದೆ. ಆರೋಗ್ಯವಂತರಿಗೆ ಅರಿವಳಿಕೆಗೆ 2 ಗಂಟೆ ಮುಂಚಿನವರೆಗೆ ತಿಳಿನೀರು ಸಲ್ಲುತ್ತದೆ. ಕೂಸಿಗೆ ಮೊಲೆಹಾಲು ಕೊಟ್ಟು 4 ಗಂಟೆ, ಹಸುವಿನ ಹಾಲು ಅಥವಾ ಲಘು ಆಹಾರವಾಗಿ 6 ಗಂಟೆ, ಕರಿದ ತಿಂಡಿ ಇಲ್ಲವೆ ಮಾಂಸವಾಗಿ 8 ಗಂಟೆ ಕಳೆದಿರಬೇಕು. ಗರ್ಭಿಣಿಯರು, ಮಧುಮೇಹಿಗಳು, ಹುಳಿತೇಗಿನಿಂದ ಬಳಲುವವರಿಗೆ ವೈದ್ಯರು ಬೇರೆ ಅವಧಿ ಹೇಳಬಹುದು. ಸೆಮಾಗ್ಲುಟೈಡಿನಂಥ ಔಷಧಿಗಳು ಜಠರ ಬರಿದಾಗುವುದನ್ನು ನಿಧಾನಗೊಳಿಸುವುದರಿಂದ, ಅವುಗಳ ಸಂಗತಿಯನ್ನು ಮೊದಲೇ ತಿಳಿಸಬೇಕು.

ಗೊಂದಲವೇಳುವುದು ಬಹುಮಟ್ಟಿಗೆ ‘ಉಪವಾಸ’ವೆಂಬ ಮಾತಿನಿಂದಲೇ. ಏಕಾದಶಿಯಂದು ಹಾಲು ಹಣ್ಣು ಸೇವಿಸಿದರೂ ಅನೇಕ ಮನೆಗಳಲ್ಲಿ ಉಪವಾಸ ಕೆಡದು. ಜಠರಕ್ಕೆ ಈ ವಿನಾಯಿತಿ ತಿಳಿಯದು. ಹಾಲು ಅಲ್ಲಿ ಒಡೆದು ಗಡ್ಡೆಗಟ್ಟುವುದರಿಂದ ಅದು ಆಹಾರವೇ. ಹಾಲು ಬೆರೆತ ಕಾಫಿಯಾಗಲಿ ಮಜ್ಜಿಗೆಯಾಗಲಿ ನೀರಿನ ಲೆಕ್ಕಕ್ಕೆ ಬಾರವು. ಹಾಲಿಲ್ಲದ ಕಾಫಿ ಸಲ್ಲುತ್ತದೆ ನಿಜ, ಆದರೆ ಕನ್ನಡಿಗರ ನಾಲಿಗೆ ಅದನ್ನು ಕಾಫಿಯೆಂದು ಒಪ್ಪೀತೇ!

ಪರಭಾಷೆಯ ನಗರದಲ್ಲಿ ಇನ್ನೊಂದು ತೊಡಕುಂಟು. ಮುಂಬಯಿಯ ಆಸ್ಪತ್ರೆಯಲ್ಲಿ “ಏನಾದರೂ ತಿಂದಿರಾ?” ಎಂದು ಹಿಂದಿಯಲ್ಲಿಯೋ ಮರಾಠಿಯಲ್ಲಿಯೋ ಕೇಳಿದಾಗ, ಕನ್ನಡವೊಂದನ್ನೇ ಬಲ್ಲ ವೃದ್ಧೆ ಸುಮ್ಮನೆ ತಲೆಯಾಡಿಸಿಬಿಡುತ್ತಾರೆ. ಈ ಪ್ರಶ್ನೆಯ ವೇಳೆ ಮನೆಯವರೊಬ್ಬರು ಬಳಿಯಿದ್ದು, ಏನು, ಎಷ್ಟು, ಯಾವಾಗ ಎಂಬುದನ್ನು ಅರಿವಳಿಕೆ ತಜ್ಞರಿಗೆ ಸ್ಪಷ್ಟವಾಗಿ ತಿಳಿಸಬೇಕು. ರಜೆ ಮುಗಿಯುವುದೆಂದು, ಊರಿನ ಟಿಕೆಟ್ಟು ಹಾಳಾಗುವುದೆಂದು ಕುಡಿದ ಕಾಫಿಯನ್ನು ಮುಚ್ಚಿಡಬಾರದು. ತಿಳಿದರೆ ತಜ್ಞರು ಶಸ್ತ್ರಕ್ರಿಯೆಯನ್ನು ಕೆಲವು ಗಂಟೆ ಮುಂದೂಡುತ್ತಾರೆ; ಮುಂದೂಡಲಾಗದಿದ್ದರೆ ಶ್ವಾಸನಾಳಕ್ಕೆ ನಳಿಕೆಯನ್ನು ತ್ವರಿತವಾಗಿ ಇಳಿಸಲು ಸಿದ್ಧರಾಗಿರುತ್ತಾರೆ.